ಆರು ನಿಮಿಷ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಪ್ರಫುಲ್ಲತ್ತಿಗೆ
ಪಾತ್ರೆಯಂಗಡಿ ಎದುರು ನಿಲ್ಲುತ್ತಾಳೆ.
ಇಡ್ಲಿ ತಟ್ಟೆ ಬೇಕಾಗಿಲ್ಲ ನಮಗೆ,
ಉಸಿರು ಬೇಕು. ನಾನು ರೇಟು ಕೇಳುತ್ತೇನೆ,
ನಿಧಾನಕ್ಕೆ, ಸ್ಟೀಲೋ ಅಲ್ಯೂಮಿನಿಯಮ್ಮೋ ಎಂದು,
ಅವಳ ತುಟಿಯ ನೇರಳೆ
ಇಳಿಯುವತನಕ.

ಮುಂದೆ ಬಳೆ. ಅದರ ಮುಂದೆ ಛತ್ರಿ.
ಹೀಗೆ ಒಂದೂ ಕೊಳ್ಳದೆ
ಇಡೀ ಬೀದಿಗೆ ಪರಿಚಿತರಾದೆವು.
"ಚೆನ್ನಾಗೇ ಇದ್ದೀಯಲ್ಲೇ" ಅಂದ ನೆಂಟರಿಗೆ
ಅವಳು ಹೂಂ ಅಂದಳು.
ವಾದಕ್ಕೂ ಗಾಳಿ ಬೇಕಲ್ಲ.

ಮೆಡಿಕಲ್ಲಿನ ಹುಡುಗ ಚೀಟಿ ನೋಡಿ ಕಿಸಕ್ಕೆಂದ:
ಆ ಗುಳಿಗೆ ಯಾವುದಕ್ಕೆಂದು ಅವನಿಗೆ ಗೊತ್ತಂತೆ.
ಅಣ್ಣ ಪೇಪರಿನಲ್ಲಿ ಸುತ್ತಿಸಿ ತರುತ್ತಿದ್ದ.
ನಾನು ಕೌಂಟರಿಗೆ ಮೊಳಕೈ ಊರಿ ಅಂದೆ:
ಶ್ವಾಸಕೋಶದ ನಾಳಕ್ಕಪ್ಪಾ, ಅಲ್ಲಿ ಒತ್ತಡ,
ಹೃದಯದ ಬಲಗಡೆ ದಣಿದಿದೆ.
ದಿನಕ್ಕೆ ಮೂರು. ತೊಂಬತ್ತು ಕೊಡು.
ಎಣಿಸುವಾಗ ಅವನು ತಲೆ ಎತ್ತಲಿಲ್ಲ.

ಆಸ್ಪತ್ರೆಯ ಕಾರಿಡಾರಿನಲ್ಲಿ ನಡಿಗೆಯ ಪರೀಕ್ಷೆ.
ಆರು ನಿಮಿಷ, ಎಷ್ಟಾಗುತ್ತೋ ಅಷ್ಟು ಮೀಟರು.
ಜೊತೆಗೆ ಹೊರಟ ನನ್ನನ್ನು ನರ್ಸ್ ತಡೆದಳು:
"ಪಕ್ಕ ನಡೀಬೇಡಿ, ನಿಮ್ಮ ವೇಗ ಅವರಿಗೆ ಅಂಟುತ್ತೆ.
ಹಿಂದೆ ಬನ್ನಿ."
ಒಂದು ವರ್ಷ ನಾನು ಕೈ ಹಿಡಿದು ನಡೆಸಿದ್ದು
ಎಳೆದದ್ದೇ ಇರಬೇಕು.

ಮುನ್ನೂರ ಹನ್ನೆರಡು. ಹೋದ ಸಲಕ್ಕಿಂತ ಒಂಬತ್ತು ಕಡಿಮೆ.
ಇಬ್ಬರೂ ಅದರ ಮಾತೆತ್ತಲಿಲ್ಲ.

ವಾಪಸು ಬರುವಾಗ ಪಾತ್ರೆಯಂಗಡಿಯ ಕಾಮತರು
ಏನೂ ಕೇಳದೆ ಸ್ಟೂಲು ಹೊರಗಿಟ್ಟರು.
ಅತ್ತಿಗೆ ಕೂತಳು. ನಾನು ಎರಡು ಹೆಜ್ಜೆ ಹಿಂದೆ.
ತುಸು ಹೊತ್ತಾದ ಮೇಲೆ, ಕೂತಲ್ಲಿಂದಲೇ:
"ಅಲ್ಲಾ, ಇಡ್ಲಿ ತಟ್ಟೆಗೆ
ಹದಿನೈದು ರೂಪಾಯಿ ಏರಿಸಿದ್ದೀರಲ್ಲ?"