ಮುಟ್ಟದ ಕೈ

ಮೊದಲೇ ಹೇಳಿಬಿಡುತ್ತೇನೆ ತುಫೈಲ್,
ಲಕೋಟೆ ಚೆನ್ನಾಗಿದೆ.
ಎಸಿಯ ಬಾಯಿಗೆ ಬಟ್ಟೆ ಕ್ಲಿಪ್ಪಿನಲ್ಲಿ ಸಿಕ್ಕಿಸಿ
ಎಲ್ಲರ ಕಣ್ಣೆದುರೇ ತೂಗಾಡಿಸಿದೆಯಲ್ಲ,
ಅದಕ್ಕೆ ಪೂರ್ತಿ ಅಂಕ.
ಮೂವತ್ತು ವರ್ಷ ಈ ಗುದೈಬಿಯಾದ ಎಸಿಗಳ
ಹೊಟ್ಟೆಯೊಳಗೆ ಕೈ ಹಾಕಿದವನು ನಾನು,
ನನಗೇ ಹೊಳೆದಿರಲಿಲ್ಲ.

ಇನ್ನು ಆಟ.
‘ನಾನು ಎಲೆ ಮುಟ್ಟುವುದೇ ಇಲ್ಲ’ ಅಂದೆ.
ನಿಜ, ಮುಟ್ಟಲಿಲ್ಲ.
ಎರಡೂ ಕೈ ಕಂಕುಳಲ್ಲಿ ತುರುಕಿಕೊಂಡು
ಚಳಿ ಹಿಡಿದವನ ಹಾಗೆ ನಿಂತಿದ್ದೆ.
ಅದು ಬೇಡ. ಕೈ ಅಡಗಿಸಿದವನನ್ನು ಯಾರು ನಂಬುತ್ತಾರೆ?
ಇಳಿಬಿಡು, ಆಗಷ್ಟೇ ಸಿಲಿಂಡರ್ ಇಳಿಸಿ ಬಂದವನಂತೆ.

ಆದರೆ ನಾನು ಎಣಿಸುತ್ತಿದ್ದೆ.
ಕಲಸಿ. ಎರಡು ಪಾಲು ಮಾಡಿ. ಅದಲ್ಲ, ಇದು.
ಒಂದೊಂದಾಗಿ ಹಾಕುತ್ತಾ ಹೋಗಿ.
ಮನಸ್ಸು ಬಂದಲ್ಲಿ ನಿಲ್ಲಿ. ಈಗಲ್ಲ. ಈಗ.
ಹದಿನೇಳು ಅಪ್ಪಣೆ.
ಕೈ ಮುಟ್ಟಲಿಲ್ಲ ಮಾರಾಯ,
ನಾಲಿಗೆ ಮುಟ್ಟಿತು, ಹದಿನೇಳು ಸಲ.

ಮೆಸ್ಸಿನ ತನಿಯಪ್ಪಣ್ಣನನ್ನು ನೋಡಿದೆಯಾ?
ದಿನಕ್ಕೆ ಇನ್ನೂರು ಚಪಾತಿ ಎಣಿಸುವವ,
ಹಾಗೆಯೇ ಎಣಿಸಿದ, ಬೆರಳಲ್ಲಿ ಹಿಟ್ಟು.
ಲಕೋಟೆಯಲ್ಲಿ ಕಳಾವರ್ ನಾಲ್ಕು,
ಮೇಜಿನ ಮೇಲೂ ಕಳಾವರ್ ನಾಲ್ಕು.
‘ಹೇಳಿದ ಹಾಗೆ ಮಾಡಿದೆ, ಹೇಳಿದ್ದೇ ಬಂತು’ ಅಂದ,
ಎದ್ದು ಸಾರಿಗೆ ಉಪ್ಪು ಹಾಕಲು ಹೋದ.
ಲೆಕ್ಕ ತಾಳೆಯಾಯಿತು. ಅಷ್ಟೇ.

ಕ್ಷೌರದಂಗಡಿಯ ಮಝರ್ ಭಾಯಿ
ಕತ್ತರಿ ಇಲ್ಲದಾಗಲೂ ಬೆರಳು ಸುಮ್ಮನಿರದವರು,
ನೀನು ಮಾತಾಡುತ್ತಿದ್ದಾಗಲೇ ಇನ್ನೊಮ್ಮೆ ಕಲಸಿಬಿಟ್ಟರು.
ಆಟ ಸತ್ತಿತು.
ಆಮೇಲೆ ಅವರು ಕೇಳಿದ್ದು ನೆನಪಿದೆಯೇ?
‘ತಪ್ಪು ನನ್ನಿಂದಾಯಿತೇ?’
ಇಲ್ಲಿಯೇ ನನ್ನ ದೊಡ್ಡ ತಕರಾರು.
ಆಡಿಸುವವ ಕೈ ಮುಟ್ಟದಿದ್ದರೆ
ಸೋಲೂ ಅವನ ಕೈಗೆ ಅಂಟುವುದಿಲ್ಲ.

ತೊಂಬತ್ತಮೂರರಲ್ಲಿ, ಹಂಪನಕಟ್ಟೆಯ ಒಂದು ಮಹಡಿಯಲ್ಲಿ
ಏಜೆಂಟು ನನ್ನ ಮುಂದೆ ಎರಡು ಕಾಗದ ಇಟ್ಟಿದ್ದ.
ಒಂದು ಮಸ್ಕತ್, ಒಂದು ಮನಾಮ.
‘ಆಯ್ಕೆ ನಿಮ್ಮದೇ.’
ನಾನು ಮಸ್ಕತ್ತಿನ ಮೇಲೆ ಬೆರಳಿಟ್ಟೆ.
‘ಹಾಗಾದರೆ ಅದನ್ನು ಪಕ್ಕಕ್ಕಿಡೋಣ’ ಅಂದ.

ಅದು ಯಾವ ಆಟವೆಂದು ತಿಳಿಯಲು
ಎಂಟು ವರ್ಷ ಬೇಕಾಯಿತು.
ಯಾವುದನ್ನು ಮುಟ್ಟಿದ್ದರೂ ಇಲ್ಲಿಗೇ ಬರುತ್ತಿದ್ದೆ.
ಸಿಟ್ಟು? ಬಂದಿತ್ತು, ಸ್ವಲ್ಪ ದಿನ.
ಆದರೆ ಕಸುಬು ನೋಡು: ಎರಡೇ ಮಾತು.
ನಿನ್ನದು ಹದಿನೇಳು.

ಹಾಗಂತ ಹರಿದು ಬಿಸಾಡಬೇಡ.
ನಿನ್ನೆ ರಾತ್ರಿ ಕೋಲ್ಡ್ ಸ್ಟೋರಿನಲ್ಲಿ
ನೀನು ಮರಿಟೆಸ್‌ಗೆ ತೋರಿಸಿದ್ದನ್ನು ಕಂಡೆ,
ಹಾಲಿನ ಫ್ರಿಜ್ಜಿನ ಮರೆಯಲ್ಲಿದ್ದೆ.
ಅವಳೆದುರು ನಿನಗೆ ಮಾತೇ ಹೊರಡಲಿಲ್ಲ.
‘ಕಲಸಿ’ ಅಂದೆ. ಬೆವರಿದೆ. ‘ಹಾಕಿ’ ಅಂದೆ.
ಉಳಿದದ್ದನ್ನೆಲ್ಲ ಅವಳೇ ಮಾಡಿಕೊಂಡಳು,
ಗಲ್ಲದಲ್ಲಿ ನೋಟು ಎಣಿಸುವ ವೇಗದಲ್ಲಿ.
ಎಲೆ ಮಗುಚಿದಾಗ ಅವಳು ಲಕೋಟೆ ನೋಡಲಿಲ್ಲ,
ನಿನ್ನ ಎರಡೂ ಕೈ ಹಿಡಿದು
ಅಂಗೈ ಮೇಲೆ ಮಾಡಿ ನೋಡಿದಳು.

ಅಲ್ಲಿದೆ ಆಟ.
ಆ ಬೆವರು ಮಾರಲು ಬರುವುದಿಲ್ಲ,
ಮಾತು ಕಡಿಮೆ ಮಾಡಲು ಬರುತ್ತದೆ.

ಬೆಲೆ ಕೇಳಿದೆಯಲ್ಲ. ಜಾದೂಗಾರರು ನಾಲ್ಕು ದಿನಾರ್ ಕೊಟ್ಟಾರು,
ಅದಕ್ಕಿಂತ ಹೆಚ್ಚು ಹೇಳಬೇಡ.
ಆಗಸ್ಟಿನಲ್ಲಂತೂ ಯಾರಿಗೂ ತೋರಿಸಬೇಡ,
ಈ ಸೆಕೆಗೆ ಎಲೆಗಳು ಹಪ್ಪಳದ ಹಾಗೆ ಬಾಗುತ್ತವೆ.
ಈಗ ಲಕೋಟೆ ಇಳಿಸು, ಒದ್ದೆಯಾಗಿದೆ.
ನಿನ್ನ ಎಸಿಯ ನೀರಿನ ಪೈಪು ಕಟ್ಟಿರಬೇಕು.
ನಾಳೆ ಡ್ಯೂಟಿ ಮುಗಿಸಿ ಬರುತ್ತೇನೆ,
ಏಣಿ ಒಂದು ಹುಡುಕಿಡು.