ಕೈ ಪೂರ್ತಿ ಬರಬೇಕು

ಬಿ.ಎಂ. ರಸ್ತೆಯ ಅಂಗಡಿ. ಗಾಜಿನ ಮೇಲೆ
ಎಂಟು ಕ್ಯಾಮ್‌ಕಾರ್ಡರುಗಳನ್ನು ಸಾಲಾಗಿಟ್ಟು
ಹುಡುಗ ಶುರುಮಾಡಿದ:
ಇದು ಅರವತ್ತು ಪಟ್ಟು ಜೂಮು ಮೇಡಂ,
ಹಾಸನದಲ್ಲಿ ನಿಂತು ಸೀಗೆಗುಡ್ಡದ ಮೇಕೆಯ
ಗಡ್ಡದ ಕೂದಲು ಎಣಿಸಬಹುದು.
ಇದರ ಮೈಕು ನೋಡಿ, ಸೊಳ್ಳೆ ಸೀನಿದರೂ ಹಿಡಿಯತ್ತೆ.

ಅಕ್ಕ ಬ್ರಾಹ್ಮಿಲಾ ನನ್ನ ಕಡೆ ತಿರುಗಿದಳು.
ತುಟಿ ಓದಲು ಆಗುತ್ತಿಲ್ಲ,
ಅವನ ಬಾಯಲ್ಲಿ ಗುಟ್ಕಾ.
ಸೊಳ್ಳೆಯ ಸೀನನ್ನು ನಾನು ಕೈಯಲ್ಲಿ ಹೇಳಿದೆ.
ನಕ್ಕಳು.
ಹುಡುಗನಿಗೆ ಆಗ ಗೊತ್ತಾಗಿ
ದನಿ ಏರಿಸಿದ.
ಎಲ್ಲರೂ ಏರಿಸುತ್ತಾರೆ, ಮೂವತ್ತೆಂಟು ವರ್ಷದಿಂದ.

ಹಳೆಯದೊಂದಿತ್ತು, ಧನ್ಯಕುಮಾರ ಮಾವ
ಮಸ್ಕತ್ತಿನಿಂದ ತಂದದ್ದು.
ಮಾವನಿಗೆ ಮುಖದ ಹುಚ್ಚು,
ಯಾರು ಸಿಕ್ಕರೂ ಮೂಗಿನ ಹೊಳ್ಳೆಯ ತನಕ ಹೋಗುವರು.
ಹನ್ನೊಂದು ಕ್ಯಾಸೆಟ್ಟು. ಅಕ್ಕನ ಮದುವೆ, ಸೀಮಂತ,
ಪೆನ್ಷನ್ ಮೊಹಲ್ಲಾದ ಮನೆಯಲ್ಲಿ ಹಾಲು ಉಕ್ಕಿಸಿದ್ದು,
ಸನ್ಮತಿ ಮೊದಲ ಹೆಜ್ಜೆ ಇಟ್ಟದ್ದು.
ಎಲ್ಲದರಲ್ಲೂ ಅಕ್ಕ ಇದ್ದಾಳೆ:
ಹುಬ್ಬು ಹಾರುತ್ತದೆ, ಕೆನ್ನೆ ಉಬ್ಬುತ್ತದೆ,
ಭುಜ ಕುಣಿಯುತ್ತದೆ,
ಚೌಕಟ್ಟಿನ ಕೆಳಗೆಲ್ಲೋ ಅವಳು ಮಾತಾಡುತ್ತಿದ್ದಾಳೆ.
ಒಮ್ಮೊಮ್ಮೆ ಒಂದು ಬೆರಳು ಮೇಲೆದ್ದು
ಮೀನಿನ ಹಾಗೆ ಮತ್ತೆ ಮುಳುಗುತ್ತದೆ.
ಪಾಯಸಕ್ಕೆ ಸಕ್ಕರೆ ಸಾಲದು ಎಂದು ಚಿಕ್ಕಪ್ಪ ಗೊಣಗಿದ್ದು
ಸ್ಪಷ್ಟವಾಗಿ ಕೇಳುತ್ತದೆ.

ಹೋದ ತಿಂಗಳು ಸನ್ಮತಿ ಅದನ್ನು ಹಾಕಿಕೊಂಡು ಕೂತಿದ್ದಳು.
ತನ್ನ ಹೆಜ್ಜೆ ಬಂದಲ್ಲಿ ನಿಲ್ಲಿಸಿ
ಕೈಯಲ್ಲಿ ಕೇಳಿದಳು:
ಅಮ್ಮ, ಇಲ್ಲಿ ನನಗೆ ಏನಂದೆ?
ಅಕ್ಕ ಪರದೆಗೆ ಮೂಗು ತಾಗಿಸಿ ನೋಡಿದಳು.
ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ.
ತನ್ನದೇ ಭುಜದ ಕುಣಿತದಲ್ಲಿ
ತನ್ನದೇ ಮಾತು ಹುಡುಕಿದಳು.
ನೆನಪಿಲ್ಲ ಕಂದ, ಅಂದಳು.
ಆ ರಾತ್ರಿಯೇ ಅಕ್ಕಿ ಡಬ್ಬಿಯಿಂದ
ಸೀರೆಗೆ ಕುಚ್ಚು ಕಟ್ಟಿದ ದುಡ್ಡು ಹೊರಗೆ ಬಂತು.

ಜೂಮು ಬೇಡಪ್ಪ, ಅಂದೆ ಹುಡುಗನಿಗೆ.
ಅಗಲ ಬೇಕು. ತಲೆಯಿಂದ ಸೊಂಟ,
ಎರಡು ಮೊಣಕೈ ಚಾಚಿದರೆ ಅಷ್ಟೂ.
ನಮ್ಮದು ಹತ್ತಡಿ ನಡುಮನೆ,
ಹಿಂದೆ ಸರಿದರೆ ಬೀರು.
ಕತ್ತಲಲ್ಲೂ ಕಾಣಬೇಕು. ಕರೆಂಟು ಹೋದರೆ
ನಮ್ಮನೆಯಲ್ಲಿ ಮಾತು ಅರ್ಧಕ್ಕೇ ನಿಲ್ಲುತ್ತದೆ,
ಮೇಣದಬತ್ತಿ ಹತ್ತಿದ ಮೇಲೆ ಮುಂದಿನ ಪದ.
ಮತ್ತೆ, ಇವಳು ಬೈಯುವಾಗ
ಬೆರಳು ಕಲಸಿಹೋಗಬಾರದು.

ಅವನು ಕೈಲಿದ್ದ ಬಣ್ಣದ ಕಾಗದ ತಿರುವಿಹಾಕಿದ.
ಅದರಲ್ಲಿ ಇದಕ್ಕೆಲ್ಲ ಕಾಲಮ್ಮು ಇರಲಿಲ್ಲ.
ಎದ್ದು ಹೊರಗೆ ಹೋದ. ಗಿರಾಕಿ ಬೇಡವಾಯಿತೇನೋ ಅಂದುಕೊಂಡೆ.
ಮೋರಿಗೆ ಉಗಿದು, ಬಾಯಿ ಮುಕ್ಕಳಿಸಿ, ತುಟಿ ಒರೆಸಿಕೊಂಡು ಬಂದು
ಅಕ್ಕನ ಎದುರಿಗೇ ನಿಂತು
ಅಕ್ಷರಕ್ಕೊಂದು ಜಾಗ ಬಿಟ್ಟು ಹೇಳಿದ:
ಒಂದೊಂದನ್ನೂ ನೋಡೋಣ ಅಕ್ಕ.

ನಾಲ್ಕು ಅವಳ ಮಣಿಕಟ್ಟು ಕತ್ತರಿಸಿದವು.
ಐದನೆಯದು ಎಡಗೈ ಉಳಿಸಿತು.
ಅಂಗಡಿಯ ದೀಪ ಆರಿಸಿ ನೋಡಿದಾಗ
ಎರಡು ಸೋತವು. ಒಳಗಿಂದ ಶೆಟ್ಟರು ಕೂಗಿದರು,
ಯಾರೋ ಅದು ಲೈಟು ತೆಗೆದಿದ್ದು?
ಉಳಿದದ್ದು ಮೂಲೆಯದು, ಡಬ್ಬಿ ಜಜ್ಜಿದ್ದು.
ಇದರ ಮೈಕು ಮಾತ್ರ ಸುಮಾರು, ಎಂದು
ಹುಡುಗ ತಲೆ ತಗ್ಗಿಸಿದ.
ಅಕ್ಕ ಗಾಜು ತಟ್ಟಿ ತಟ್ಟಿ ನಕ್ಕಳು.

ಅಂಗೈಯಗಲದ ಪರದೆಯಲ್ಲಿ ನೋಡಿದೆ:
ಅಕ್ಕ, ಸೊಂಟದ ತನಕ,
ಅವಳ ಹತ್ತೂ ಬೆರಳು,
ಒಂದರಲ್ಲಿ ಸೂಜಿ ಚುಚ್ಚಿದ ಕಪ್ಪು ಚುಕ್ಕೆ ಕೂಡ.
ಏನಂದ್ರು ಮೇಡಂ, ಹುಡುಗ ಕೇಳಿದ.
ಎಂಟುನೂರು ಬಿಡಬೇಕಂತೆ,
ಬ್ಯಾಗು ಪುಕ್ಕಟೆ ಕೊಡಬೇಕಂತೆ, ಅಂದೆ.

ಅದಾದ ಮೇಲೆ ಇನ್ನೂ ಒಂದು ಮಾತು ಹೇಳಿದ್ದಳು.
ಅದು ಸನ್ಮತಿಗೆ.
ಶೆಟ್ಟರು ಆರುನೂರು ಬಿಟ್ಟರು.
ಒಳಗಿನ ಕಾರ್ಡು ಅಂಗಡಿಯದು, ಅಳಿಸಿ ಕೊಡ್ತೀವಿ ಅಂದರು.
ಬೇಡ, ಅದರ ದುಡ್ಡೂ ಸೇರಿಸಿ, ಅಂದೆ.