ಔಟಾಗದೆ ಸೊನ್ನೆ

ಸಜಾ ಅಂದರೆ ನಮ್ಮ ಕಡೆ ಶಿಕ್ಷೆ.
ಶಾರ್ಜಾದಲ್ಲಿ ಅದೊಂದು ಏರಿಯಾದ ಹೆಸರು:
ಸಿಮೆಂಟು, ಗುಜರಿ, ಅರ್ಬಾಬನ ಟೈಲ್ಸ್ ಗೋದಾಮು,
ಗೇಟಿಗೊಂದು ತಗಡಿನ ಗೂಡು, ಅದರೊಳಗೆ ನಾನು,
ಸಂಜೆ ಆರರಿಂದ ಬೆಳಗಿನ ಆರರವರೆಗೆ.

ಅವನನ್ನು ಮೊದಲು ಕಂಡದ್ದು ಅಲ್ಲೇ,
ಬಿರುಕು ಬಿಟ್ಟ ಫೋನಿನ ಅಂಗೈಯಗಲದಲ್ಲಿ.
ವೆಸ್ಟ್ ಇಂಡೀಸಿನಲ್ಲಿ ಸಂಜೆ, ನನಗೆ ರಾತ್ರಿ ಒಂದೂವರೆ.
ಇಬ್ಬರು ಔಟಾಗಿದ್ದರು, ಐದು ಓವರು ಬಾಕಿ,
ನೆರಳು ಪಿಚ್ಚಿಗಿಂತ ಉದ್ದ.
ಪೆವಿಲಿಯನ್ ಮೆಟ್ಟಿಲಿಳಿದು ಬಂದ ಒಬ್ಬ ಸಣಕಲ,
ಪ್ಯಾಡು ಅಣ್ಣನದೇನೋ ಎಂಬಂತೆ ಸಡಿಲ.
ಕಾಮೆಂಟರಿಯವ ಅಂದ: ನೈಟ್ ವಾಚ್‌ಮನ್.
ನಾನು ತಟ್ಟನೆ ಎದ್ದು ನಿಂತೆ,
ಸೂಪರ್‌ವೈಸರ್ ಕರೆದನೆಂದು.

ಗುರುಸಿದ್ಧ ಕಡೇಮನಿ. ಗದಗಿನ ಕಡೆಯವ, ಎಡಗೈ ಸ್ಪಿನ್ನು.
ಊರಿನ ಕಡೇ ಮನಿ ಯಾವ ಮುತ್ತಜ್ಜನದೋ,
ಹೆಸರು ಮೊಮ್ಮಗನ ಕೈ ಹಿಡಿದು ಮೈದಾನಕ್ಕೂ ಬಂತು:
ಬ್ಯಾಟಿಂಗಿಗೂ ಕಡೆಯವ, ಬಸ್ಸು ಹತ್ತಲೂ ಕಡೆಯವ,
ಗುಂಪಿನ ಫೋಟೋದಲ್ಲಿ ಅರ್ಧ ಕಿವಿ.

ಎರಡನೇ ಗೇಟಿನ ತಿಲ್ ಬಹಾದೂರ್ ಚಹಾ ತಂದಿದ್ದ.
ಪೋಖರಾದ ಆಚೆಯವ, ಕ್ರಿಕೆಟ್ ಗೊತ್ತಿಲ್ಲ.
ಇವನಿಗೆ ಆಡಲು ಬರುತ್ತಾ?
ಅಷ್ಟಾಗಿ ಇಲ್ಲ.
ಮತ್ತೆ ಯಾಕೆ ಕಳಿಸಿದರು?
ಆಡಲು ಬರುವವನು ಕತ್ತಲಲ್ಲಿ ಔಟಾಗಬಾರದಲ್ಲ, ಅದಕ್ಕೆ.
ಅವನು ಚಹಾ ಊದಿದ. ಮತ್ತೊಮ್ಮೆ ಊದಿದ.
ಅಂದರೆ ಅರ್ಬಾಬ್ ಮಲಗಿದ್ದಾನೆ ಅನ್ನು.

ಹದಿನಾಲ್ಕು ಎಸೆತ.
ಒಂದು ಪಕ್ಕೆಲುಬಿಗೆ, ಒಂದು ಹೆಬ್ಬೆರಳಿಗೆ,
ಉಳಿದವು ಬ್ಯಾಟಿನ ಎದೆಗೆ ಬಿದ್ದು ಅಲ್ಲೇ ಸತ್ತವು.
ಔಟಾಗದೆ ಸೊನ್ನೆ.
ಹಾಗೆ ಬರೆದದ್ದನ್ನು ನಾನು ಅದುವರೆಗೆ ಗಮನಿಸಿರಲಿಲ್ಲ:
ಸೊನ್ನೆಯ ಪಕ್ಕ ಒಂದು ನಕ್ಷತ್ರ.

ಆಮೇಲೆ ಹನ್ನೊಂದು ವರ್ಷ ಅವನ ವೇಳಾಪಟ್ಟಿಯೇ ನನ್ನದು.
ಆಸ್ಟ್ರೇಲಿಯಾ ಅಂದರೆ ಬೆಳಗಿನ ಜಾವ ನಾಲ್ಕು,
ರೆಪ್ಪೆ ಮಣಭಾರವಾಗುವ ಹೊತ್ತು.
ಭಾರತ ಅಂದರೆ ಎಂಟಕ್ಕೆ, ಡ್ಯೂಟಿ ಮುಗಿಸಿ,
ಎಂಟು ಮಂದಿಯ ರೂಮಿನಲ್ಲಿ, ಕಂಬಳಿಯೊಳಗೆ, ಸೌಂಡ್ ಇಲ್ಲದೆ.
ಇಪ್ಪತ್ತಾರು ಟೆಸ್ಟು, ಎಂಬತ್ತೊಂದು ವಿಕೆಟ್ಟು.
ಕೈಬಿಟ್ಟರು, ಕರೆದರು, ಮತ್ತೆ ಕೈಬಿಟ್ಟರು,
ಎರಡೆರಡು ವರ್ಷಕ್ಕೊಮ್ಮೆ ನಡುಗುವ ನನ್ನ ವೀಸಾದ ಹಾಗೆ.

ಆ ಕ್ಯಾಚು ಬಿಟ್ಟದ್ದನ್ನು ನಾನು ಮುಚ್ಚಿಡುವುದಿಲ್ಲ.
ಬಿಸಿಲು ಕಣ್ಣಿಗೆ ಹೊಡೆಯಿತು, ಪಂದ್ಯ ಹೋಯಿತು.
ಸ್ವಾತ್ ಕಣಿವೆಯ ನೂರ್ ವಲಿ
ಪಿಕಪ್ಪಿನ ಹಾರ್ನು ಒತ್ತಿ ಒತ್ತಿ ನಕ್ಕ.
ಮೂರು ವಾರ ಅವನ ಗಾಡಿಗೆ ಗೇಟು ನಿಧಾನಕ್ಕೆ ತೆಗೆದೆ.

ಇನ್ನು ಆ ಅರವತ್ತೊಂದು.
ಹಿಂದಿನ ಸಂಜೆ ಕಾವಲಿಗೆ ಬಂದವನು
ಮರುದಿನ ಹೋಗಲೇ ಇಲ್ಲ. ಊಟದ ತನಕ. ಚಹಾದ ತನಕ.
ಬೆಳಗಾದ ಮೇಲೂ ಕಾವಲುಗಾರ ಒಳಗೇ ಇದ್ದರೆ
ನಮ್ಮ ಕಂಪನಿ ಓವರ್‌ಟೈಮ್ ಕೊಡುವುದಿಲ್ಲ,
ಯಾಕಿದ್ದೀಯ ಎಂದು ಕೇಳುತ್ತದೆ.
ಅವನಿಗೆ ಇಡೀ ಸ್ಟೇಡಿಯಂ ಎದ್ದು ಚಪ್ಪಾಳೆ ತಟ್ಟಿತು.
ನಾನೂ ತಟ್ಟಿದೆ, ಕಂಬಳಿಯೊಳಗೆ,
ಮಲಗಿದವರು ಏಳದ ಹಾಗೆ, ಎರಡೇ ಬೆರಳಲ್ಲಿ.

ನಿವೃತ್ತಿಯ ಸುದ್ದಿ ಮೂರು ಸಾಲು,
ಅದರಲ್ಲೊಂದು ಸಾಲು ಬೇರೆ ಯಾರದೋ ಬಗ್ಗೆ.
ಬೀಳ್ಕೊಡುವ ಪಂದ್ಯವಿಲ್ಲ. ಹೆಗಲ ಮೇಲೆ ಹೊತ್ತವರಿಲ್ಲ.

ಆ ರಾತ್ರಿ ಮಂಜು ಇಳಿದಿತ್ತು,
ಗೋದಾಮಿನ ದೀಪಗಳೆಲ್ಲ ಹತ್ತಿಯ ಉಂಡೆ.
ಎರಡು ಸುತ್ತು ಹೊಡೆದೆ. ಬೀಗಗಳಿದ್ದವು, ನಾಯಿಗಳಿದ್ದವು.
ರಿಜಿಸ್ಟರಿನಲ್ಲಿ ಗಂಟೆಗೊಂದು ಸಾಲು ಬರೆಯಬೇಕು.
ಒಂದು ಗಂಟೆ: ಏನೂ ಆಗಿಲ್ಲ.
ಎರಡು ಗಂಟೆ: ಏನೂ ಆಗಿಲ್ಲ.
ಮೂರಕ್ಕೆ ಪೆನ್ನು ತಡೆಯಿತು.
ಬರೆದೆ, ಬರೆದು ಪಕ್ಕದಲ್ಲಿ
ಒಂದು ಸಣ್ಣ ನಕ್ಷತ್ರ ಹಾಕಿದೆ.

ಬೆಳಿಗ್ಗೆ ಸೂಪರ್‌ವೈಸರ್ ಬೆರಳಿಟ್ಟು ಕೇಳಿದ, ಇದೇನು?
ಶಾಯಿ ಸೋರಿತು ಸಾರ್, ಅಂದೆ.